ಕಾರಿನ ಗಂಟಲು

ಹೊಳೆಯ ದಂಡೆಯಲ್ಲಿ ಮೌನಪ್ಪಜ್ಜನ ಮಠವಿತ್ತು. ಮಠ ಅಂತ ಜನ ಕರೆಯುತ್ತಿದ್ದರು, ಅಷ್ಟೇ. ಹೋಗಿ ನೋಡಿದರೆ ತಗಡಿನ ಒಂದು ಶೆಡ್ಡು, ಒಂದು ಬೇವಿನ ಮರ, ಮರದ ಕೆಳಗಿನ ಹಲಗೆಗೆ ಬಿಗಿದ, ಸಾಮಾನು ಕಚ್ಚಿ ಹಿಡಿಯುವ ಒಂದು ಹಳೆಯ ವೈಸ್.

ಅಜ್ಜ ಹರೆಯದಲ್ಲಿ ಹೊಳೆಯಿಂದ ನೀರೆತ್ತುವ ಎಂಜಿನ್ನುಗಳನ್ನು ರಿಪೇರಿ ಮಾಡಿಕೊಂಡಿದ್ದವರು. ಮುಪ್ಪಿನಲ್ಲಿ ಜನ ತಾವಾಗಿಯೇ ಬಂದು ಕಾಲಿಗೆ ಬೀಳತೊಡಗಿದರು. ಮನಸ್ಸು ನಿಲ್ಲುವುದಿಲ್ಲ ಎಂದು ಬಂದವರ ಕೈಗೆ ಅಜ್ಜ ತುಕ್ಕು ಹಿಡಿದ ಒಂದು ನಟ್ಟು ಕೊಟ್ಟು, ತಿಕ್ಕು ಅನ್ನುತ್ತಿದ್ದರು. ಅರ್ಧ ಜನ ಅಲ್ಲಿಂದಲೇ ವಾಪಸ್ಸು. ತಿಕ್ಕುತ್ತ ಕೂತವರು ಶಿಷ್ಯರು.

ಗದಿಗೆಪ್ಪ ಮನಸ್ಸಿನ ಮಾತೆತ್ತಿ ಬಂದವನಲ್ಲ. ಬಾಡಿಗೆ ಕಾರು ಹೊಡೆಯುವವನು. ಒಂದು ಬೆಳಿಗ್ಗೆ ಬಂದು, ಚೀಲದಿಂದ ಅಲ್ಯುಮಿನಿಯಮ್ಮಿನ ಒಂದು ಸಾಮಾನು ತೆಗೆದು ಅಜ್ಜನ ಮುಂದಿಟ್ಟ.

"ಅಜ್ಜಾರ, ಇದನ್ನ ಒಳಗಿಂದ ಅಗಲ ಮಾಡೂದು ಕಲಸ್ರಿ."

ಅದು ಕಾರಿನ ಥ್ರಾಟಲ್ ಬಾಡಿ. ಎಂಜಿನ್ನು ಗಾಳಿ ಎಳೆದುಕೊಳ್ಳುವ ಗಂಟಲು. ಅದರ ನಡುವೆ ದುಂಡನೆಯ ಬಿಲ್ಲೆಯೊಂದು ಅಡ್ಡ ಕೂತಿರುತ್ತದೆ. ಆಕ್ಸಿಲರೇಟರಿನ ಮೇಲೆ ಕಾಲು ಒತ್ತಿದರೆ ಬಿಲ್ಲೆ ತಿರುಗಿ ಗಾಳಿಗೆ ದಾರಿ ಬಿಡುತ್ತದೆ. ಕಾಲು ತೆಗೆದರೆ ಮುಚ್ಚಿಕೊಳ್ಳುತ್ತದೆ.

ಕಂಪನಿಯಿಂದ ಬಂದ ಗಂಟಲಿಗೆ ಅರ ಹಾಕಿ ತೇಯ್ದು, ಎಮರಿ ಪೇಪರಿನಿಂದ ಉಜ್ಜಿ ನುಣುಪು ಮಾಡಿದರೆ ಗಾಳಿ ಹೆಚ್ಚು ನುಗ್ಗಿ ಗಾಡಿ ಚುರುಕಾಗುತ್ತದೆ ಅನ್ನುತ್ತಾರೆ. ಹುಮ್ಮಸ್ಸಿನ ಹುಡುಗರು ಮನೆಯಲ್ಲೇ ಮಾಡಿಕೊಳ್ಳುವ ಕೆಲಸ. ಗದಿಗೆಪ್ಪ ಹುಡುಗನಲ್ಲ. ಮುಖದಲ್ಲಿ ಹುಮ್ಮಸ್ಸೂ ಇರಲಿಲ್ಲ.

"ಇದು ನಿನ್ನ ಕಾರಿಂದೇನು?" ಅಜ್ಜ ಕೇಳಿದರು.

"ಅಲ್ಲರಿ. ಗುಜರ್ಯಾಗ ತಂದಿದ್ದು. ಮೊದಲ ಇದರ ಮ್ಯಾಲೆ ಕೈ ಕುಂಡ್ರಲಿ ಅಂತ."

"ಯಾಕ ಬೇಕು ನಿನಗಿದು?"

"ಗಾಡಿ ಏರಿನ್ಯಾಗ ಎಳ್ಯಾಂಗಿಲ್ಲರಿ."

"ಏರಿನ್ಯಾಗ ಎಲ್ಲಾ ಗಾಡೀನೂ ತೇಕತಾವು."

ಗದಿಗೆಪ್ಪ ಹೊಳೆಯ ಕಡೆ ಮುಖ ತಿರುಗಿಸಿದ.

"ಕಸ್ತೂರಿ ಏರಿನ್ಯಾಗ ಹೋದ್ಲರಿ," ಅಂದ.

ಕಸ್ತೂರಿ ಅವನ ಹೆಂಡತಿ. ದಮ್ಮಿನ ರೋಗದವಳು. ಚಳಿಗಾಲದ ಒಂದು ಮಧ್ಯಾಹ್ನ ಅವಳಿಗೆ ಉಸಿರು ಸಿಕ್ಕಿಕೊಂಡಿತು. ಗದಿಗೆಪ್ಪನ ತಾಯಿ ಶಿವಗಂಗವ್ವ ಮಗಳ ಊರಿಗೆ ಹೋಗಿದ್ದಳು, ಗಂಡ ಹೆಂಡಿರ ಒಂದೇ ಕೂಸು ಸಾಲೆಯಲ್ಲಿತ್ತು. ಗದಿಗೆಪ್ಪ ಹೆಂಡತಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಪೇಟೆಯ ಆಸ್ಪತ್ರೆಗೆ ಹೊರಟ. ಊರಿಗೂ ಪೇಟೆಗೂ ನಡುವೆ ಗುಡ್ಡದ ಏರು. ಏರು ಮುಗಿದು ಗಾಡಿ ಸಮಕ್ಕೆ ಬಂದಾಗ ಹಿಂದಿನಿಂದ ಸದ್ದು ಕೇಳಲಿಲ್ಲ.

"ಇನ್ನೊಂದೀಟು ಎಳದಿದ್ರ ಸಾಕಿತ್ರಿ."

"ಅಕೀ ಮಗ್ಗಲದಾಗ ಯಾರ ಕುಂತಿದ್ರು?"

"ಯಾರೂ ಇಲ್ಲರಿ. ನಾ ಗಾಡಿ ಹೊಡೀತಿದ್ನಲ್ಲ."

"ಬ್ಯಾರೆ ಹೊಡ್ಯಾವ್ರು ಇರಲಿಲ್ಲೇನು?"

"ನನ್ನ ಸ್ಟೇರಿಂಗ ನಾ ಯಾರ ಕೈಯಾಗೂ ಕೊಟ್ಟಾಂವಲ್ಲರಿ. ನನ್ನಂಗ ಹೊಡ್ಯಾಂವ ಈ ಕಡೆ ಯಾರದಾನ್ರಿ?"

ಅದು ಜಂಬದ ಮಾತಲ್ಲ. ಊರಿನ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಿದ್ದರು. ಅಜ್ಜ ಆ ಮಾತನ್ನು ಅಲ್ಲಿಗೇ ಬಿಟ್ಟರು.

"ಹೋದಾಕಿ ಹೋದ್ಲು. ಈಗ ಗಂಟಲು ಅಗಲ ಮಾಡಿ ಯಾರನ್ನ ಉಳಸ್ತಿ?"

"ಮಗಳದಾಳ್ರಿ. ಶೈಲಾ. ಅಕಿಗೂ ಅದ ದಮ್ಮು."

ಅಜ್ಜ ಅವನನ್ನು ಮೇಲಿಂದ ಕೆಳಗೆ ನೋಡಿದರು.

"ತೆಲಿ ಮ್ಯಾಲೆ ಏನದು, ಬೂದಿ?"

"ಅಲ್ಯುಮಿನಿಯಂ ಪುಡಿರಿ. ನಿನ್ನೆ ಅಂಗಳದಾಗ ಕುಂತು ಉಜ್ಜಿ ನೋಡಿದೆ."

"ದಮ್ಮಿನ ಕೂಸಿರೂ ಅಂಗಳದಾಗ."

ಗದಿಗೆಪ್ಪನಿಗೆ ಅದು ಹೊಳೆದೇ ಇರಲಿಲ್ಲ. ತಲೆ ಮುಟ್ಟಿಕೊಂಡ. ಕೈ ಬೆಳ್ಳಗಾಯಿತು.

"ಇಲ್ಲಿ ಬಂದು ಉಜ್ಜು," ಅಜ್ಜ ಅಂದರು. "ಹೋಗುವಾಗ ಹೊಳ್ಯಾಗ ಮುಳುಗು. ಅರಿವಿ ಜಾಡಿಸ್ಕೊಂಡು ಮನಿಗೆ ಹೋಗು."

ಹೀಗೆ ಅವನು ಶಿಷ್ಯನಾದ.

ಮೊದಲು ಅಜ್ಜ ಅರ ಮುಟ್ಟಗೊಡಲಿಲ್ಲ.

"ಬೆರಳ ಹಾಕಿ ನೋಡು. ಎಲ್ಲಿ ತಡೀತೈತಿ?"

"ಇಲ್ಲೊಂದು ಮೆಟ್ಟಲದಂಗ ಐತ್ರಿ."

"ಗಾಳಿಗೂ ಅಲ್ಲೇ ತಡೀತೈತಿ. ಅದನ್ನಷ್ಟ ತಗಿ. ಬಿಲ್ಲೆ ಬಂದು ಮುಚ್ಚಿ ಕುಂಡ್ರೂ ಜಾಗ ಕಾಣಸ್ತೈತಿಲ್ಲ? ಅದನ್ನ ಮುಟ್ಟಬ್ಯಾಡ."

"ಅದೆಷ್ಟ ಜಾಗರಿ, ಉಗರಿನಷ್ಟ ಪಟ್ಟಿ."

"ಅಷ್ಟ ಐತಿ. ಅದು ನಿಂದಲ್ಲ."

ಗದಿಗೆಪ್ಪನ ಕೈ ಒಳ್ಳೆಯದಿತ್ತು. ಬಾಡಿಗೆ ಇಲ್ಲದ ಹೊತ್ತಿನಲ್ಲೆಲ್ಲ ಬಂದು ಉಜ್ಜಿದ. ಮೆಟ್ಟಿಲು ಹೋಯಿತು. ಒಳಮೈ ತಂಬಿಗೆಯ ಹಾಗೆ ಥಳಥಳ ಅಂದಿತು. ಅಲ್ಲಿಗೆ ಕೆಲಸ ಮುಗಿದಿತ್ತು, ಆದರೆ ಕೈ ನಿಲ್ಲಲಿಲ್ಲ. ದುಃಖದಲ್ಲಿರುವವನ ಕೈಗೆ ಕೆಲಸ ಸಿಕ್ಕರೆ ಸಾಕು ಅನ್ನುತ್ತಾರೆ ಹಿರಿಯರು. ಕೆಲಸ ಮುಗಿದ ಮೇಲೆ ಏನು ಮಾಡಬೇಕು ಅನ್ನುವುದನ್ನು ಯಾರೂ ಹೇಳುವುದಿಲ್ಲ.

ಸಂಜೆಗೆ ಮನೆಗೆ ಹೋದರೆ ಶೈಲಾ ಹೊಸ್ತಿಲಲ್ಲಿ ಕೂತಿರುತ್ತಿದ್ದಳು.

"ಅಪ್ಪಾ, ನಿನ್ನ ಮೈಯಾಗ ಹೊಳಿ ವಾಸನಿ," ಅನ್ನುತ್ತಿದ್ದಳು.

ಅವನು ಹೂಂ ಅಂದು ಒಳಗೆ ಹೋಗಿ, ಮೊಬೈಲಿನಲ್ಲಿ ಯಾರೋ ಯಾವುದೋ ಊರಿನಲ್ಲಿ ಗಂಟಲು ಉಜ್ಜುವುದನ್ನು ನೋಡುತ್ತ ಕೂರುತ್ತಿದ್ದ.

"ಗದಿಗ್ಯಾ, ಕೂಸಿನ ಮಗ್ಗಲಕ ಒಂದೀಟು ಕುಂಡ್ರೋ," ಶಿವಗಂಗವ್ವ ಅನ್ನುತ್ತಿದ್ದಳು.

"ಅಕೀ ಸಲುವಾಗೇ ಮಾಡಾಕತ್ತೀನಿ ಬೇ."

ಒಂದು ದಿನ ಅಜ್ಜ ಗುಜರಿಯ ಆ ಸಾಮಾನನ್ನು ಕೈಗೆ ತೆಗೆದುಕೊಂಡರು. ಬಿಲ್ಲೆಯನ್ನು ಮುಚ್ಚಿದರು. ಸೂರ್ಯನಿಗೆ ಹಿಡಿದರು.

"ನೋಡು."

ಗದಿಗೆಪ್ಪ ಒಂದು ಕಣ್ಣು ಮುಚ್ಚಿ ನೋಡಿದ. ಬಿಲ್ಲೆಯ ಸುತ್ತ ಕೂದಲೆಳೆಯಷ್ಟು ಬೆಳಕು ಉಂಗುರದಂತೆ ಕಾಣುತ್ತಿತ್ತು.

"ಬೆಳಕು ಐತ್ರಿ."

"ಬಿಲ್ಲೆ ಮುಚ್ಚೈತೋ, ತಗದೈತೋ?"

"ಮುಚ್ಚೈತ್ರಿ... ಮುಚ್ಚೂ ಪಟ್ಟೀನೂ ಉಜ್ಜಿಬಿಟ್ಟೀನಿ ಅನಸ್ತೈತಿ."

"ಇದನ್ನ ಗಾಡಿಗೆ ಹಾಕಿದ್ರ ಕಾಲ ತಗದ್ರೂ ಗಾಳಿ ನುಗ್ಗತೈತಿ. ನಿಂತಲ್ಲೇ ಒದರತೈತಿ. ಅದಕ್ಕ ಸುಮ್ಮನ ನಿಲ್ಲಾಕ ಬರಾಂಗಿಲ್ಲ." ಅಜ್ಜ ಶಿಷ್ಯನ ಮುಖ ನೋಡಿದರು. "ನಿನ್ನಂಗ."

"ಮತ್ತ ತುಂಬಾಕ ಬರತೈತೇನ್ರಿ?"

"ತಗ್ಯಾಕ ಅರ ಐತಿ. ತುಂಬಾಕ ನನ್ನ ಕಡೆ ಏನಿಲ್ಲ."

ಗದಿಗೆಪ್ಪ ಆ ಸಾಮಾನನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತ. ಅಜ್ಜ ಕೇಳಿದರು:

"ಅವತ್ತ ಏರಿನ್ಯಾಗ ನಿನ್ನ ಕಾಲ ಎಷ್ಟ ಒತ್ತಿತ್ತು?"

"ಪೂರ್ತಿರಿ."

ಹೊಳೆಯಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು.

"ಪೂರ್ತಿ ಅಲ್ಲರಿ," ಗದಿಗೆಪ್ಪ ಅಂದ. "ಅಕಿ ಸಾವಕಾಶ ಹೊಡಿ ಅಂದ್ಲು. ಗಾಡಿ ಜಿಗದ್ರ ಉಸುರು ಇನ್ನಷ್ಟ ಹಿಡೀತೈತಿ ಅಂದ್ಲು. ಅದಕ್ಕ ಅರ್ಧಕ್ಕ ಹಿಡದೆ."

ಅಜ್ಜ ಅವನ ಮೊಣಕಾಲ ಮೇಲಿದ್ದ ಸಾಮಾನಿಗೆ ಬೆರಳು ಹಾಕಿ ಬಿಲ್ಲೆಯನ್ನು ಅರ್ಧಕ್ಕೆ ತಿರುಗಿಸಿದರು.

"ಅರ್ಧ ತಗದ ಬಾಗಿಲಾ. ಚೌಕಟ್ಟ ಅಗಲ ಮಾಡಿ ಏನ ಮಾಡ್ತಿ?"

"ಅಂದ್ರ ಗಾಡೀದು ತಪ್ಪಿಲ್ಲ ಅಂತೀರಿ."

"ಗಾಡೀದಿಲ್ಲ."

"ಅಂದ್ರ ನಂದು."

"ಅಕಿ ಹೇಳಿದಂಗ ಹೊಡದಿ. ನಿಂದು ಅಂತ ನಾ ಅಂದಿಲ್ಲ."

"ಮತ್ತ ಯಾರದ್ರಿ? ಯಾರದರ ಇರಬೇಕಲ್ಲ?"

ಅಜ್ಜ ಎದ್ದು ಕಸಬರಿಗೆ ತಂದು ನೆಲದ ಮೇಲಿನ ಪುಡಿಯನ್ನು ಗುಡಿಸತೊಡಗಿದರು.

ಗದಿಗೆಪ್ಪನಿಗೆ ಸಿಟ್ಟು ಬಂತು. ಗಾಡಿಯ ತಪ್ಪು ಅಂದುಕೊಂಡಿದ್ದಾಗ ಅವನಿಗೆ ಬದುಕಲು ಒಂದು ದಾರಿಯಿತ್ತು, ಉಜ್ಜಿದರೆ ತೀರುತ್ತಿತ್ತು. ತನ್ನ ತಪ್ಪು ಅಂದಿದ್ದರೂ ಹೊತ್ತುಕೊಳ್ಳುತ್ತಿದ್ದ. ಯಾರ ತಪ್ಪೂ ಅಲ್ಲದ್ದನ್ನು ಹೊರುವುದು ಕಂಠವಿಲ್ಲದ ಕೊಡ ಹೊತ್ತ ಹಾಗೆ. ಅವನು ಅಜ್ಜನಿಗೆ ಕೈ ಮುಗಿಯದೆ ಎದ್ದು ಹೋದ. ಅವತ್ತು ಹೊಳೆಯಲ್ಲೂ ಮುಳುಗಲಿಲ್ಲ.

ಆಮೇಲೆ ಕೆಲವು ದಿನ ಅವನು ಬರಲಿಲ್ಲ. ಬಂದದ್ದು ಅಮಾವಾಸ್ಯೆಯ ದಿನ.

ಅಜ್ಜನ ಕುಲದವರು ಅಮಾವಾಸ್ಯೆಗೆ ಹತ್ಯಾರ ಎತ್ತುವುದಿಲ್ಲ. ಕಮ್ಮಾರರ ಕುಲುಮೆಯಾಗಲಿ, ಬಡಿಗರ ಬಾಚಿಯಾಗಲಿ, ಅಂದು ಎಲ್ಲಕ್ಕೂ ವಿಶ್ರಾಂತಿ. ವೈಸಿಗೆ ವಿಭೂತಿ ಬಳಿದು, ಮೇಲೊಂದು ಬಟ್ಟೆ ಹೊದಿಸಿ, ಅಜ್ಜ ಬೇವಿನ ಕೆಳಗೆ ಕೈಕಟ್ಟಿ ಕೂತಿದ್ದರು.

ಕಾರು ಹೊಡೆಯುವವರಿಗೆ ಅದೇ ದಿನ ಗಾಡಿಯ ಪೂಜೆ. ಗದಿಗೆಪ್ಪನೂ ಬೆಳಿಗ್ಗೆ ಗಾಡಿ ತೊಳೆದು, ಲಿಂಬೆಹಣ್ಣು ಕಟ್ಟಿ, ಕಾಯಿ ಒಡೆದಿದ್ದ. ಅಮಾವಾಸ್ಯೆಗೆ ಬಾಡಿಗೆ ಕಡಿಮೆ. ಗಾಡಿ ಹೇಗೂ ನಿಂತೇ ಇರುತ್ತದೆ ಅಂದುಕೊಂಡು ಪೂಜೆಯಾದ ಕೂಡಲೇ ಬಾನೆಟ್ಟು ಎತ್ತಿ, ಅದರದೇ ಗಂಟಲನ್ನು ಬಿಚ್ಚಿಕೊಂಡು ಬಂದಿದ್ದ.

"ಇವತ್ತ ಅಮಾಸಿ," ಅಜ್ಜ ಅಂದರು.

"ಗೊತ್ತೈತ್ರಿ."

"ಇದು ನಿನ್ನ ಕಾರಿಂದು."

"ಹೌದ್ರಿ."

"ಕಾರು?"

"ಮನಿ ಮುಂದ ಐತ್ರಿ. ಎಂಜಿನ್ನಿನ ಬಾಯಿಗೆ ಅರಿವಿ ತುರುಕಿ ಬಂದೀನಿ, ಕಸ ಬೀಳಬಾರದಂತ."

"ಅಮಾಸಿ ದಿನ ದಮ್ಮಿನವರಿಗೆ ಹೆಂಗಿರತೈತೋ ತಮ್ಮಾ?"

ಅಮಾವಾಸ್ಯೆ ಹುಣ್ಣಿಮೆಗೆ ದಮ್ಮು ಏರುತ್ತದೆ ಅನ್ನುವುದು ಆ ಕಡೆಯ ಮುದುಕಿಯರೆಲ್ಲ ಹೇಳುವ ಮಾತು. ಅದು ನಿಜವೋ ಸುಳ್ಳೋ, ಗದಿಗೆಪ್ಪನ ಮನೆಯಲ್ಲಿ ಅದನ್ನು ನಂಬಿಯೇ ನಡೆಯುತ್ತಿದ್ದರು.

"ಮುಂಜಾನೆ ಚೊಲೋ ಇದ್ಲರಿ. ನಮ್ಮವ್ವ ಅದಾಳ ಮನ್ಯಾಗ. ಒಂದ ತಾಸಿನ ಕೆಲಸ."

"ಒಯ್ದು ಗಾಡಿಗೆ ಹಾಕು."

"ಅರ್ಧಕ್ಕ ಒತ್ತಿದ್ರ ಉಪಯೋಗಿಲ್ಲ ಅಂದ್ರಿ. ಈ ಸಲ ಪೂರ್ತಿ ಒತ್ತತೀನ್ರಿ. ಶೈಲಾ ಏನರ ಅನ್ಲಿ, ನಾ ಕೇಳಾಂಗಿಲ್ಲ. ಕಾಲ ಎತ್ತಾಂಗಿಲ್ಲ. ಇದೊಂದ ಮುಗಿಸಾಕ ಬಿಡ್ರಿ. ನಿಮ್ಮ ಕಾಲಿಗೆ ಬೀಳತೀನಿ."

ಅಜ್ಜ ಎದ್ದು ಕಸಿದುಕೊಳ್ಳಬಹುದಿತ್ತು. ಕಸಿದುಕೊಳ್ಳಲಿಲ್ಲ.

"ವೈಸ್ ಮುಟ್ಟಬ್ಯಾಡ," ಅಂದರು, ಅಷ್ಟೇ.

ಗದಿಗೆಪ್ಪ ಅಂಗಿ ಬಿಚ್ಚಿ ಬೇವಿನ ಕೊಂಬೆಗೆ ಹಾಕಿದ. ಸಾಮಾನನ್ನು ಮೊಣಕಾಲುಗಳ ನಡುವೆ ಹಿಡಿದು, ಬಿಲ್ಲೆ ಬಿಚ್ಚಿಟ್ಟು, ತನ್ನದೇ ಅರ ತೆಗೆದು ಉಜ್ಜತೊಡಗಿದ. ಅವತ್ತು ಕೈ ಚೆನ್ನಾಗಿ ನಡೆಯಿತು. ತಡೆಯುವ ಕಡೆ ಬೆರಳಿಟ್ಟು ನೋಡಿ, ಅಲ್ಲಿಯಷ್ಟೇ ತೆಗೆದ. ಬಿಲ್ಲೆ ಕೂರುವ ಪಟ್ಟಿಯ ಹತ್ತಿರ ಬಂದಾಗ ಅರ ತಾನಾಗಿ ನಿಂತಿತು. ಕಲಿಸಿದವರಿಗೆ ಖುಷಿಯಾಗುವಂಥ ಕೆಲಸ. ಅಜ್ಜನಿಗೆ ಖುಷಿಯಾಗಲಿಲ್ಲ.

ಅಂಗಿಯ ಕಿಸೆಯಲ್ಲಿ ಫೋನು ಬಡಿದುಕೊಳ್ಳತೊಡಗಿತು. ಅರದ ಸದ್ದಿನಲ್ಲಿ ಗದಿಗೆಪ್ಪನಿಗೆ ಕೇಳಲಿಲ್ಲ. ನಿಂತಿತು, ಮತ್ತೆ ಬಡಿದುಕೊಂಡಿತು. ಅಜ್ಜ ಎದ್ದು ಹೋಗಿ ಎತ್ತಿಕೊಂಡರು. ಕಿವಿಗೆ ಹಿಡಿದು ಕೇಳಿದರು. ಬಂದು ಶಿಷ್ಯನ ಅರದ ಮೇಲೆ ಕೈಯಿಟ್ಟರು.

"ನಿಮ್ಮ ಓಣಿ ದಸ್ತಗೀರ. ಶೈಲಾಗ ಉಸುರು ಹಿಡದೈತಂತ."

ಗದಿಗೆಪ್ಪ ಎದ್ದು ಓಡಿದ. ಬೇವಿನ ನೆರಳು ದಾಟುವಷ್ಟರಲ್ಲಿ ನಿಂತ. ಕೈಯನ್ನು ನೋಡಿಕೊಂಡ.

ಮಗಳಿಗಾಗಿ ಅಗಲ ಮಾಡುತ್ತಿದ್ದ ಗಂಟಲು ಕೈಯಲ್ಲಿತ್ತು. ಗಾಡಿ ಅಲ್ಲಿ, ಲಿಂಬೆಹಣ್ಣು ಕಟ್ಟಿಸಿಕೊಂಡು, ಬಾಯಲ್ಲಿ ಬಟ್ಟೆ ಕಚ್ಚಿಕೊಂಡು ನಿಂತಿತ್ತು.

"ಅಜ್ಜಾರ..." ಅಂದ.

"ಅಂಬುಲೆನ್ಸ್ ಬರೂದು ತಡಾ ಅಂದ್ರಂತ. ದಸ್ತಗೀರ ತನ್ನ ಟಂಟಂನ್ಯಾಗ ಹಾಕ್ಕೊಂಡು ಹೊಂಟಾನ. ನೀ ರಸ್ತಾಕ್ಕ ಹೋಗು, ಬಸ್ ಹಿಡಿ."

"ಟಂಟಂನ್ಯಾಗ? ಆ ಮೂರು ಗಾಲೀದು ಏರಿನ್ಯಾಗ ಮನಷ್ಯಾ ನಡದಂಗ ಹೋಗತೈತ್ರಿ! ಮುಟ್ಟಾಂಗಿಲ್ಲರಿ ಅದು!"

"ಹೋಗು."

ಕೈಯಲ್ಲಿದ್ದುದು ನೆಲಕ್ಕೆ ಬಿತ್ತು. ಅವನು ಅಂಗಿಯನ್ನು ಹೆಗಲಿಗೆ ಹಾಕಿಕೊಂಡೇ ಓಡಿದ.

ಬಸ್ಸು ಏರು ಹತ್ತುವಾಗ ಅವನು ಕಿಟಕಿಯಿಂದ ರಸ್ತೆಯ ಬದಿಯನ್ನೇ ನೋಡುತ್ತಿದ್ದ. ಪ್ರತಿ ತಿರುವಿನಲ್ಲೂ ದಸ್ತಗೀರನ ಟಂಟಂ ನಿಂತಿರುತ್ತದೆ, ಜನ ಸುತ್ತುಗಟ್ಟಿರುತ್ತಾರೆ ಅಂದುಕೊಂಡ. ಒಂದು ತಿರುವಿನಲ್ಲೂ ಕಾಣಲಿಲ್ಲ. ಕಾಣದಿದ್ದದ್ದಕ್ಕೂ ಹೆದರಿದ.

ಆಸ್ಪತ್ರೆಯ ಬಾಗಿಲಲ್ಲಿ ನರ್ಸಮ್ಮ ಅವನನ್ನು ತಡೆದಳು.

"ಏನ್ರೀ ಇದು, ಮೈ ತುಂಬ ಪುಡಿ! ಹಿಂಗ ಒಳಗ ಬಂದ್ರ ಹುಡುಗಿಗೆ ಮತ್ತ ಕೆಮ್ಮು ಹತ್ತತೈತಿ. ತೊಳ್ಕೊಂಡ ಬರ್ರಿ."

ಅವನು ಬಾಗಿಲಿನ ಗಾಜಿನಿಂದ ನೋಡಿದ. ಶೈಲಾ ಮಂಚದ ಮೇಲೆ ಕೂತಿದ್ದಳು. ಬಾಯಿ ಮೂಗಿಗೆ ಔಷಧದ ಹೊಗೆ ಬರುವ ಮುಚ್ಚಳ. ಬೆನ್ನು ಅಜ್ಜಿಯ ಎದೆಗೆ ಆನಿಸಿತ್ತು. ಶಿವಗಂಗವ್ವನ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಕೂಸಿನ ಎದೆ ಏಳುತ್ತಿತ್ತು, ಇಳಿಯುತ್ತಿತ್ತು.

ಗದಿಗೆಪ್ಪ ಅಲ್ಲೇ ಗೋಡೆಗೆ ಒರಗ ಹೋದ. ಗೋಡೆಗೂ ಪುಡಿ ಹತ್ತೀತು ಎಂದು ಹೊರಗೆ ಹೋಗಿ ನಲ್ಲಿಯ ಹತ್ತಿರ ಕೂತ.

ಮಗಳು ಮನೆಗೆ ಬಂದ ಮೇಲೆ ಅವನು ಹೊಳೆಯ ದಂಡೆಗೆ ಹೋದ. ಅಜ್ಜ ಶೆಡ್ಡಿನ ಹೊಸ್ತಿಲಲ್ಲಿ ಕೂತಿದ್ದರು. ಪಕ್ಕದಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟ ಗಂಟಲಿತ್ತು.

"ಹೆಂಗದಾಳ?"

"ಅದಾಳ್ರಿ. ಮತ್ತ ಬರತೈತಿ ಅಂದಾರ ಡಾಕ್ಟರು."

"ಬರತೈತಿ."

ಗದಿಗೆಪ್ಪ ನೆಲಕ್ಕೆ ಕೂತ.

"ಟಂಟಂ ಏರಿನ್ಯಾಗ ನಿಂತಬಿಡತಂತ್ರಿ. ಕೂಡ ಹೊಂಟಿದ್ದ ಓಣಿ ಮಂದಿ ಇಳದು ದಬ್ಬಿದ್ರಂತ. ಆದ್ರೂ ಮುಟ್ಟತು. ಅವತ್ತ ನನ್ನ ಗಾಡಿ ಅರ್ಧಕ್ಕ ಒತ್ತಿದ್ರೂ ಅದಕ್ಕಿಂತ ಎಷ್ಟೋ ಜೋರ ಏರಿತ್ರಿ."

"ಕೂಸು ಏನಂತೈತಿ?"

"ನಮ್ಮವ್ವ ಎದಿಗೆ ಆನಸ್ಕೊಂಡಿದ್ಲಂತ. 'ನಾ ತಗೊಂಡಂಗ ತಗೋ, ನಾ ಬಿಟ್ಟಂಗ ಬಿಡು' ಅಂತ ದಾರಿಗುಂಟ ಅಕೀ ಕೂಡ ಉಸುರು ತಗೊಂಡ್ಲಂತ. ದಬ್ಬಾಕ ಇಳದಾವ್ರೂ ಕೂಡಿ ಹಂಗ ಅಂದ್ರಂತ. ಶೈಲಾ ನಕ್ಕೋತ ಹೇಳಿದ್ಲರಿ."

ಅವನು ಮಣ್ಣಿನಲ್ಲಿ ಬೆರಳಾಡಿಸಿದ.

"ಆಮ್ಯಾಲೆ ಕೇಳಿದ್ಲು. 'ಅಪ್ಪಾ, ಅವ್ವಗ ಯಾರ ಹಿಡಕೊಂಡಿದ್ರು?' ಅಂತ."

ಅಜ್ಜ ಅವನ ಕಡೆ ತಿರುಗಿ ಕೂತರು.

"ಹಿಂದ ನೋಡೂ ಕನ್ನಡ್ಯಾಗ ಅಕೀ ಕೈ ಕಾಣತಿತ್ರಿ ಅಜ್ಜಾರ. ಸೀಟಿನ ಮ್ಯಾಲೆ ತಡವತಿತ್ತು. ನೀರಿನ ಬಾಟ್ಲಿ ಹುಡುಕಾಕತ್ತಾಳ ಅನ್ಕೊಂಡೆ. 'ಕಾಲಬುಡಕ ಐತಿ ನೋಡ' ಅಂದೆ. ರಸ್ತಾ ನೋಡಿ ಹೊಡೀಬೇಕಲ್ರಿ. ರಸ್ತಾ ನೋಡಿದೆ."

ಗದಿಗೆಪ್ಪ ಅತ್ತ. ಹೆಂಡತಿ ಹೋದ ದಿನ ಗಂಡಸರು ಅವನನ್ನು ಗಟ್ಟಿ ಅಂದಿದ್ದರು. ಅವತ್ತಿನದೂ ಸೇರಿ ಅತ್ತ. ಅಜ್ಜ ಸಮಾಧಾನದ ಮಾತು ಆಡಲಿಲ್ಲ.

"ಅಮಾಸಿ ದಿನ ನಾ ಕಸಗೊಂಡು ನಿನ್ನ ಮನಿಗೆ ಅಟ್ಟಬೇಕಿತ್ತು," ಅಂದರು. "ಕಸಗೊಳ್ಳಲಿಲ್ಲ. ಕೂಸು ಹೋಗಿದ್ರ ನಿನ್ನ ಮುಂದ ಕುಂಡ್ರಾಕ ನನಗ ಮುಖ ಇರತಿರಲಿಲ್ಲ."

ಗುರುವಿನ ಬಾಯಲ್ಲಿ ಅಂಥ ಮಾತನ್ನು ಗದಿಗೆಪ್ಪ ಕೇಳಿರಲಿಲ್ಲ. ಕಣ್ಣೊರೆಸಿಕೊಂಡ.

ಅಜ್ಜ ಬಟ್ಟೆ ಬಿಚ್ಚಿ ಸಾಮಾನನ್ನು ಅವನ ಕೈಗಿಟ್ಟರು.

"ಮುಗಸು."

ಗದಿಗೆಪ್ಪ ಬಿಲ್ಲೆಯನ್ನು ಕೂರಿಸಿದ. ಸ್ಕ್ರೂ ಬಿಗಿದ. ಮುಚ್ಚಿ, ಸೂರ್ಯನಿಗೆ ಹಿಡಿದ.

"ಏನ ಕಾಣಸ್ತೈತಿ?"

"ಕತ್ತಲರಿ."

"ಚೊಲೋ ಆಗೈತಿ."

ಅಜ್ಜ ತಾವೇ ಪಂಚು ಸುತ್ತಿಗೆ ತೆಗೆದುಕೊಂಡು, ಸ್ಕ್ರೂ ಎಂದೂ ಬಿಚ್ಚಿ ಒಳಗೆ ಬೀಳದ ಹಾಗೆ ಅದರ ತುದಿಯನ್ನು ಬಡಿದು ಚಪ್ಪಟೆ ಮಾಡಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡರು. ಯಾರ ಮನೆಗೂ ಹೋಗದ ಅಜ್ಜ ಅವತ್ತು ಶಿಷ್ಯನ ಹಿಂದೆ ಊರೊಳಕ್ಕೆ ನಡೆದರು.

ಮನೆಯ ಮುಂದೆ ಗಾಡಿ ಹಾಗೆಯೇ ನಿಂತಿತ್ತು. ಕಟ್ಟಿದ ಲಿಂಬೆಹಣ್ಣು ಒಣಗಿ ಕಪ್ಪಾಗಿತ್ತು. ಶೈಲಾ ಹೊಸ್ತಿಲಲ್ಲಿ ಅಜ್ಜಿಯ ತೊಡೆಗೆ ಒರಗಿ ಕೂತಿದ್ದಳು. ಎದುರು ಮನೆಯ ದಸ್ತಗೀರ ಬೇವಿನ ಕಡ್ಡಿ ಜಗಿಯುತ್ತ ತನ್ನ ಟಂಟಂ ಒರೆಸುತ್ತಿದ್ದ.

ಗದಿಗೆಪ್ಪ ಎಂಜಿನ್ನಿನ ಬಾಯಿಂದ ಬಟ್ಟೆ ಎಳೆದ. ಗಂಟಲನ್ನು ಜೋಡಿಸಿದ. ಕೀಲಿ ತಿರುಗಿಸಿದ. ಎಂಜಿನ್ನು ಎದ್ದು, ಒಮ್ಮೆ ಗುರುಗುಟ್ಟಿ, ನಿಂತಲ್ಲೇ ಮೆತ್ತಗೆ ಓಡತೊಡಗಿತು. ಒದರಲಿಲ್ಲ.

"ಈಗ ಏರಿನ್ಯಾಗ ಎಳೀತೈತೇನ್ರಿ ಅಜ್ಜಾರ?"

"ಪೂರ್ತಿ ಒತ್ತಿದ್ರ ಒಂದೀಟು."

"ಮುಂದಿನ ಸಲ ಮುಟ್ಟತೀನೇನ್ರಿ?"

"ಯಾರಿಗ ಗೊತ್ತು?"

ಗದಿಗೆಪ್ಪ ಸ್ಟೇರಿಂಗ್ ಹಿಡಿದುಕೊಂಡೇ ಕೂತಿದ್ದ. "ಹಂಗಾರ ನಾ ಏನ ಮಾಡ್ಲಿ?" ಅಂದ.

ಅಜ್ಜ ಕಿಟಕಿಯಿಂದ ಕೈ ಹಾಕಿ ಗಾಡಿ ಬಂದ್ ಮಾಡಿದರು. ಕೀಲಿ ತೆಗೆದು ಅವನ ಅಂಗೈಯಲ್ಲಿಟ್ಟರು.

"ಮುಂದಿನ ಸಲ ಇದನ್ನ ದಸ್ತಗೀರನ ಕೈಯಾಗ ಕೊಡು. ನೀ ಹಿಂದ ಕುಂಡ್ರು."